ನಾಲ್ಕು ಸಾವಿರದ ಕಿಕ್ ಮೈಕು, ಒಂದು ಹಳೇ ಕಂಬಳಿ

"ಕಿಕ್‌ಗೆ ಮೈಕ್ ಯಾಕಪ್ಪಾ, ಪ್ಯಾಡ್‌ನಿಂದ ತಗೊಂಡ್ರೆ ಆಯ್ತಲ್ಲ?" ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಕಿಕ್ ಅಂದರೆ ಡ್ರಮ್ ಸೆಟ್‌ನಲ್ಲಿ ಕಾಲಿನ ಪೆಡಲ್‌ನಿಂದ ಬಾರಿಸೋ ದೊಡ್ಡ ಡ್ರಮ್. ಹಾಗೆ ಹೇಳುವವರದ್ದೂ ತಪ್ಪಲ್ಲ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಸುತ್ತ ಗಣಪತಿ ಹಬ್ಬದ ಆರ್ಕೆಸ್ಟ್ರಾ ಅಂದರೆ ರೋಲ್ಯಾಂಡ್ ಪ್ಯಾಡ್, ಅಂದರೆ ಎಲೆಕ್ಟ್ರಾನಿಕ್ ಡ್ರಮ್, ಇದ್ದೇ ಇರುತ್ತೆ. ಎರಡು ಕೇಬಲ್ ಚುಚ್ಚಿದರೆ ಕಿಕ್, ಸ್ನೇರ್, ಢೋಲಕ್ ಎಲ್ಲಾ ಬಂದುಬಿಡುತ್ತೆ. ಡ್ರಮ್ ಸೆಟ್ ಇದ್ದರೂ ಅದು ಫೋಟೋಗೆ ಮಾತ್ರ.

ಆದರೆ ಈಗೀಗ ನಿಜವಾಗಿ ಸೆಟ್ ಬಾರಿಸೋ ಹುಡುಗರು ಬರ್ತಿದಾರೆ. ಅವರಿಗೆ ತಮ್ಮ ಕಾಲಿನ ಏಟು ಮೈದಾನದ ಕೊನೇ ಸಾಲಿಗೆ ಕೇಳಬೇಕು. ಪ್ಯಾಡ್ ಕಿಕ್ ಮೆತ್ತಗೆ ತುಳಿದರೂ ಜೋರಾಗಿ ತುಳಿದರೂ ಹೆಚ್ಚುಕಮ್ಮಿ ಒಂದೇ ಥರ ಕೇಳುತ್ತೆ, ಅದು ಅವರಿಗೆ ಆಗಲ್ಲ. ನನ್ನದು ಸೌಂಡ್ ಕೆಲಸ, ಹತ್ತಿರ ಇದ್ದದ್ದು ಸಣ್ಣ ಸಿಸ್ಟಮ್. ಒಂದು ಕಾರ್ಯಕ್ರಮಕ್ಕೆ 30-35 ಸಾವಿರ ಸಿಕ್ಕರೆ ದೊಡ್ಡದು. ಅದರಲ್ಲಿ ಹುಡುಗರ ಕೂಲಿ, ಗಾಡಿ, ಡೀಸೆಲ್ ಕಳೆದರೆ ಉಳಿಯೋದು ನಿಮಗೇ ಗೊತ್ತು. ಕಿಕ್‌ಗೆ ಅಂತಲೇ ಇರೋ ಶೂರ್ ಬೀಟಾ 52ಎ ಮೈಕ್ ವಿಚಾರಿಸಿದೆ, ಇಪ್ಪತ್ತು ಸಾವಿರದ ಹತ್ತಿರ ಹೇಳಿದರು. ಒಂದೇ ಒಂದು ಚಾನೆಲ್‌ಗೆ ಅಷ್ಟು ದುಡ್ಡು ಹಾಕೋ ಹಾಗಿರಲಿಲ್ಲ.

ಮೊದಲು ಮನೇಲಿದ್ದದ್ದರಲ್ಲೇ ಶುರು ಮಾಡಿದೆ. ಎಸ್‌ಎಂ58 ಮೈಕಿನ ಜಾಲರಿ ಬಿಚ್ಚಿ, ಡ್ರಮ್‌ನ ಮುಂದಿನ ಹೆಡ್‌ನ, ಅಂದರೆ ಮುಂದಿನ ಹೊದಿಕೆಯ, ತೂತಿನೊಳಗೆ ಇಳಿಬಿಟ್ಟೆ. ಚಟ್ ಅನ್ನೋ ಏಟು ಚೆನ್ನಾಗಿ ಬಂತು, ತೂಕ ಬರಲಿಲ್ಲ. ಅದು ಹಾಡುವವರ ಮೈಕು, ಕೆಳಗಿನ ಬೇಸ್ ಇಳಿದಿರೋ ಹಾಗೇ ಮಾಡಿರ್ತಾರೆ. ಮಿಕ್ಸರ್‌ನಲ್ಲಿ 60 ಹರ್ಟ್ಸ್ ಹತ್ತಿರದ ಬೇಸ್ ಎತ್ತಿದರೆ ಡ್ರಮ್‌ಗಿಂತ ಮೊದಲು ವೇದಿಕೆ ಮೇಲಿನ ಬೇಸ್ ಗಿಟಾರ್‌ನವನ ಮಾನಿಟರ್ ಸ್ಪೀಕರ್ ಸದ್ದೇ ಮೈಕಿನೊಳಗೆ ಬರುತ್ತಿತ್ತು. ತೂತಿಲ್ಲದ ಸೆಟ್ಟಿಗೆ ಮುಂದೆ ಸ್ಟ್ಯಾಂಡ್ ಇಟ್ಟರಂತೂ ಖಾಲಿ ಎಣ್ಣೆ ಡಬ್ಬ ಬಡಿದ ಹಾಗೆ.

ಆಮೇಲೆ ಏಳು ಮೈಕ್‌ನ ಡ್ರಮ್ ಸೆಟ್ ಒಂದು ತಗೊಂಡೆ. ಸೂಟ್‌ಕೇಸಿನಲ್ಲಿ ಬರುತ್ತಲ್ಲ, ಆ ಥರದ್ದು. ಏಳಕ್ಕೂ ಸೇರಿ ಆರು ಸಾವಿರ ಚಿಲ್ಲರೆ. ಕಂಪನಿ ಹೆಸರು ಬೇಡ. ಟಾಮ್ ಮೈಕುಗಳು ಇವತ್ತಿಗೂ ಕೆಲಸ ಮಾಡ್ತಿವೆ, ಕಿಕ್ ಮೈಕ್ ಮಾತ್ರ ಒಂದು ಸೀಸನ್ ಬರಲಿಲ್ಲ. ಸ್ಟ್ಯಾಂಡ್‌ಗೆ ಸಿಕ್ಕಿಸೋ ಕತ್ತು ಮುರಿಯಿತು. ಕೈಗೆ ಭಾರ ಇತ್ತಲ್ಲ, ಒಳಗೆ ಏನಿದೆ ನೋಡೋಣ ಅಂತ ಬಿಚ್ಚಿದೆ. ಒಂದು ಸಣ್ಣ ಕ್ಯಾಪ್ಸೂಲ್, ನೋಡೋಕೆ ಮುನ್ನೂರು ರೂಪಾಯಿಯ ಕರೋಕೆ ಮೈಕಿನದ್ದೇ. ಅದರ ಹಿಂದೆ ಫೆವಿಕ್ವಿಕ್‌ನಲ್ಲಿ ಅಂಟಿಸಿದ ಕಬ್ಬಿಣದ ತುಂಡು. ಭಾರ ಅಂದರೆ ಅದು! ಅವತ್ತಿನಿಂದ ಮೈಕಿನ ತೂಕ ನೋಡಿ ಬೆಲೆ ಕಟ್ಟೋದು ಬಿಟ್ಟೆ. ಆ ಕಬ್ಬಿಣದ ತುಂಡು ಈಗ ನನ್ನ ಬೆಸುಗೆ ಟೇಬಲ್ ಮೇಲೆ ವೈರ್ ಒತ್ತಿಡೋಕೆ ಬಳಕೆಯಾಗ್ತಿದೆ.

ಇನ್ನೊಂದು ದಾರಿ, ಮೀಟಿಂಗ್ ಟೇಬಲ್ ಮೇಲೆ ಇಡೋ ಚಪ್ಪಟೆ ಬೌಂಡರಿ ಮೈಕ್. ಶೂರ್ ಬೀಟಾ 91ಎ ಅದೇ ಜಾತಿ, ಆದರೆ ಕಿಕ್‌ನ ಏಟು ತಡೆಯೋ ಹಾಗೆ ಮಾಡಿದ್ದು. ನನಗೆ ಸಿಕ್ಕಿದ್ದು ಯಾವುದೋ ಆಫೀಸಿನ ಹಳೇ ಮಾಲು, 800 ರೂಪಾಯಿ. ಡ್ರಮ್ ಒಳಗೆ ಇಟ್ಟು ಮೊದಲ ಏಟು ತುಳಿಸಿದ ಕೂಡಲೇ ಪರ್ ಅಂತ ಹರಿಯಿತು. ಮಿಕ್ಸರ್‌ನಲ್ಲಿ ಗೇನ್ ಪೂರಾ ಇಳಿಸಿದರೂ ಅದೇ ಹರಕು. ಮಾತಿಗೆ ಅಂತ ಮಾಡಿದ ಕಂಡೆನ್ಸರ್ ಅದು, ಕಿಕ್‌ನ ಏಟಿಗೆ ಅದರೊಳಗಿನ ಸರ್ಕ್ಯೂಟೇ ತುಂಬಿಹೋಗುತ್ತೆ. ಹೊರಗೆ ಏನು ತಿರುಗಿಸಿದರೂ ಉಪಯೋಗ ಇಲ್ಲ. ಈಗ ಅದನ್ನ ನಾಟಕದವರಿಗೆ ವೇದಿಕೆ ಅಂಚಿನಲ್ಲಿ ಇಡ್ತೀನಿ. ಅಲ್ಲಿ ಬಂಗಾರ.

ಇಷ್ಟೆಲ್ಲಾ ಆದಮೇಲೆ ಡಬ್ಬದ ಮೇಲಿನ ಅಂಕಿಗಳನ್ನ ಬೇರೆ ಥರ ಓದೋಕೆ ಶುರು ಮಾಡಿದೆ. ಬೀಟಾ 52ಎ 20 ಹರ್ಟ್ಸ್‌ನಿಂದ ಅಂತ ಇರುತ್ತೆ. ಶೂರ್‌ನದ್ದೇ ಇನ್ನೊಂದು ಕಿಕ್ ಮೈಕ್ ಪಿಜಿಎ52, ಅದು 50ರಿಂದ. ಅಂಕಿ ಕಮ್ಮಿ ಆದಷ್ಟೂ ಕೆಳಗಿನ ಬೇಸ್ ಹಿಡಿಯುತ್ತೆ ಅಂತ ಅರ್ಥ. 20ರ ಮೈಕ್ ಮೇಲು, 50ರದ್ದು ಕಮ್ಮಿ ಅಂತ ಎಲ್ಲರೂ ಅಂದುಕೊಳ್ತಾರೆ. ಸರಿ, ನಮ್ಮ ಬಿನ್, ಅಂದರೆ ಬೇಸ್ ಸ್ಪೀಕರ್ ಡಬ್ಬ, ಎಷ್ಟಕ್ಕೆ ನಿಲ್ಲುತ್ತೆ? ನನ್ನದು 18 ಇಂಚಿನ ಎರಡು ಸ್ಪೀಕರ್ ಇರೋದು, ಪ್ರೊಸೆಸರ್‌ನಲ್ಲಿ 40ರ ಕೆಳಗಿನದ್ದನ್ನ ಕಟ್ ಮಾಡಿದೀನಿ. ಇಲ್ಲಾಂದ್ರೆ ಕೋನ್ ಹರಿದುಹೋಗುತ್ತೆ. 22 ಇಂಚಿನ ಕಿಕ್ಕನ್ನ ನಮ್ಮ ಹುಡುಗರು ಎಳೆಯೋ ಬಿಗಿಗೆ ಅದರ ತೂಕ ಇರೋದು 55-70ರ ನಡುವೆ. ಅಂದಮೇಲೆ 20 ಕೊಡೋ ಮೈಕಿನಿಂದ ಮೈದಾನದಲ್ಲಿ ನನಗೇನು ಲಾಭ? ವೇದಿಕೆ ಹಲಗೆ ಮೇಲೆ ಯಾರಾದರೂ ಓಡಾಡಿದ್ದು ಬಿನ್‌ನಲ್ಲಿ ಕೇಳುತ್ತೆ, ಅಷ್ಟೇ. ನನಗೆ ಬೇಕಾಗಿದ್ದು ಎರಡೇ: ಏಟಿಗೆ ಹರಿಯಬಾರದು, ಅಕ್ಕಪಕ್ಕದ್ದನ್ನ ಜಾಸ್ತಿ ಎಳೆದುಕೊಳ್ಳಬಾರದು. ಉಳಿದದ್ದನ್ನ ಡ್ರಮ್ ಒಳಗೇ ಸರಿ ಮಾಡಿಕೊಳ್ಳಬಹುದು.

ಹಾಗೆ ನೋಡುವಾಗ ಕೈಗೆ ಎಟುಕಿದ್ದು ಎಕೆಜಿ ಕಂಪನಿಯ ಪಿ2 ಅನ್ನೋ ಕಿಕ್ ಮೈಕ್. ಡೈನಮಿಕ್, ಹಾಗಾಗಿ ಫ್ಯಾಂಟಮ್ (ಮಿಕ್ಸರ್‌ನಿಂದ ಮೈಕ್‌ಗೆ ಹೋಗೋ ಕರೆಂಟ್) ಬೇಡ, 157 ಡೆಸಿಬಲ್‌ವರೆಗೆ ತಡೆಯುತ್ತೆ ಅಂತ ಅವರೇ ಬರೆದಿರ್ತಾರೆ. ಹೊಸದು ಆಗ ಏಳು ಸಾವಿರದ ಆಸುಪಾಸು. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಕೇಬಲ್ ತರೋಕೆ ಹೋದಾಗ ಪರಿಚಯದವರ ಮೂಲಕ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮೈ ಮೇಲೆಲ್ಲಾ ಗೀರು, ಜಾಲರಿ ಒಂದು ಕಡೆ ತಗ್ಗು. ನಾಲ್ಕೂವರೆ ಅಂದರು, ನಾಲ್ಕಕ್ಕೆ ಒಪ್ಪಿಸಿದೆ. ಜೇಬಿನಲ್ಲಿ ಒಂದು ಸಣ್ಣ ಹೆಡ್‌ಫೋನ್ ಆಂಪ್ ಇಟ್ಟುಕೊಂಡೇ ಹೋಗಿದ್ದೆ. ಜಾಲರಿ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿ ಕೇಳಿದೆ. ಡಯಾಫ್ರಮ್ ಉಜ್ಜುತ್ತಿದ್ದರೆ ಗರಗರ ಬರುತ್ತೆ, ಅದು ಬರಲಿಲ್ಲ. ಮೈಕ್ ಅಲ್ಲಾಡಿಸಿದೆ, ಒಳಗೆ ಏನೂ ಕುಣಿಯಲಿಲ್ಲ. ಸಾಕು. ಗೀರು ಕಟ್ಟಿಕೊಂಡು ನಮಗೇನಾಗಬೇಕು, ಅದು ಇರೋದು ಡ್ರಮ್ ಹೊಟ್ಟೇಲಿ.

ಊರಿಗೆ ಬಂದು ತೋರಿಸಿದರೆ ನಮ್ಮ ಕಡೆಯ ಹಿರಿಯ ಸೌಂಡ್‌ನವರೊಬ್ಬರು ನಕ್ಕರು. "ತಮ್ಮಾ, ನಾಲ್ಕು ಸಾವಿರಕ್ಕೆ ಕಿಕ್ ಮೈಕ್ ಬಂದಿದ್ರೆ ನಾವೆಲ್ಲಾ ಯಾಕೆ ದೊಡ್ಡದು ತಗೋತಿದ್ವಿ?" ಅಂದರು. ಮೊದಲ ಕಾರ್ಯಕ್ರಮದಲ್ಲಿ ಅವರ ಮಾತೇ ಗೆದ್ದಿತು ಅನ್ನಿ. ಸುಮ್ನೆ ತೂತಿನ ಬಾಯಿಗೆ ಇಟ್ಟಿದ್ದೆ. ಊಂ ಅಂತ ಗಾಳಿ ಬಂತು, ಏಟು ಕಾಣಲಿಲ್ಲ.

ಅಲ್ಲಿಂದ ಮೈಕ್ ಮುಟ್ಟಲಿಲ್ಲ, ಡ್ರಮ್ ಮುಟ್ಟೋಕೆ ಶುರು ಮಾಡಿದೆ. ಬಾಡಿಗೆ ಸೆಟ್‌ಗಳಲ್ಲಿ ಒಳಗೆ ಏನಿರುತ್ತೆ ಗೊತ್ತಲ್ಲ? ಹಳೇ ಪ್ಯಾಂಟು, ನ್ಯೂಸ್ ಪೇಪರ್, ಒಮ್ಮೆ ಅರ್ಧ ದಿಂಬು ಸಿಕ್ಕಿತ್ತು. ಎಲ್ಲಾ ತೆಗೆದೆಸೆದೆ. ಮನೇಲಿ ಚಳ್ಳಕೆರೆ ಕಂಬಳಿ ಒಂದು ಹಳೇದಾಗಿ ಬಿದ್ದಿತ್ತು. ದಪ್ಪ ಉಣ್ಣೆ, ತೂಕ ಜಾಸ್ತಿ, ಹಾಸಿದ ಜಾಗದಿಂದ ಜಾರಲ್ಲ. ಉದ್ದಕ್ಕೆ ಕತ್ತರಿಸಿ ಮಡಿಚಿ ತಳಕ್ಕೆ ಹಾಕಿದೆ. ಬೀಟರ್ (ಪೆಡಲ್‌ನ ಸುತ್ತಿಗೆ) ಬಡಿಯೋ ಹೆಡ್‌ಗೆ ಅಂಗೈಯಗಲ ತಾಗಬೇಕು, ಮುಂದಿನ ಹೆಡ್‌ಗೆ ಸುಮ್ನೆ ಸೋಕಿದರೆ ಸಾಕು. ಸ್ಪಂಜು ಹಾಕಿ ನೋಡಿದ್ದೆ, ಮೇಲಿನ ಸದ್ದನ್ನೆಲ್ಲಾ ನುಂಗಿ ಕೆಳಗಿನ ಗುಂಯ್ ಹಾಗೇ ಬಿಡ್ತಿತ್ತು. ಕಂಬಳಿ ಹೆಡ್ಡನ್ನೇ ಹಿಡಿದು ನಿಲ್ಲಿಸುತ್ತೆ. ಉಣ್ಣೆ ತುರುಕೋದು ಹೊಸದೇನಲ್ಲ ಬಿಡಿ. 1966ರಲ್ಲೇ ಬೀಟಲ್ಸ್‌ನ ಇಂಜಿನಿಯರ್ ಜೆಫ್ ಎಮೆರಿಕ್ ರಿಂಗೋನ ಡ್ರಮ್ ಒಳಗೆ ಉಣ್ಣೆ ಸ್ವೆಟರ್ ತುರುಕಿ ಮೈಕ್ ಹತ್ತಿರ ತಂದಿದ್ದ.

ಆಮೇಲೆ ಮೈಕನ್ನ ಪೂರ್ತಿ ಒಳಗೆ ಒಯ್ದೆ. ಹೆಡ್‌ನಿಂದ ನಾಲ್ಕು-ಐದು ಇಂಚು, ಬೀಟರ್‌ನ ನೇರಕ್ಕಲ್ಲ, ಸ್ವಲ್ಪ ಪಕ್ಕಕ್ಕೆ. ಹತ್ತಿರ ಹೋದಷ್ಟೂ ಚಟ್ ಜಾಸ್ತಿ, ತೂತಿನ ಕಡೆ ಬಂದಷ್ಟೂ ಗಾಳಿ ಜಾಸ್ತಿ. ಒಂದು ಇಂಚಿಗೂ ಫರಕು ಕೇಳುತ್ತೆ. ಡ್ರಮ್ಮರ್‌ನ ತುಳಿಯೋಕೆ ಕೂರಿಸಿ, ಹೆಡ್‌ಫೋನ್ ಹಾಕಿಕೊಂಡು ಕೈ ಒಳಗಿಟ್ಟು ಮೈಕ್ ಸರಿಸುತ್ತಾ ಹೋಗಬೇಕು. ಚಟ್ ಜಾಸ್ತಿ ಆಗಲಿ ಅಂತ ಬೀಟರ್ ಬಡಿಯೋ ಜಾಗಕ್ಕೆ ಹಳೇ ಎಟಿಎಂ ಕಾರ್ಡ್ ಅಂಟಿಸೋದೂ ಉಂಟು. ಫೆಲ್ಟ್ ಬೀಟರ್ ತಿರುಗಿಸಿ ಪ್ಲಾಸ್ಟಿಕ್ ಕಡೆ ಮಾಡಿದರೆ ಅದೂ ಬೇಕಾಗಲ್ಲ. ಒಳಗೆ ಮೈಕ್ ಅಲ್ಲಾಡದ ಹಾಗೆ ಯಾವುದರಿಂದ ಕಟ್ಟಿದೀನಿ ಅನ್ನೋದನ್ನ ಮಾತ್ರ ಹೇಳಲ್ಲ. ಸೈಕಲ್ ಅಂಗಡೀಲಿ ಸಿಗುತ್ತೆ, 60 ರೂಪಾಯಿ, ಅಷ್ಟು ಸುಳಿವು ಸಾಕು. ಅದು ಇರೋದರಿಂದ ಸ್ಟ್ಯಾಂಡ್ ಬೇಡ, ಡ್ರಮ್ ಇಳಿಸಿದ ಕೂಡಲೇ ಕೇಬಲ್ ಚುಚ್ಚಿದರೆ ಆಯ್ತು. ರಾತ್ರಿ 10ಕ್ಕೆ ಪೊಲೀಸರು ಬಂದು ನಿಲ್ಸಿ ಅಂತಾರೆ, 7ಕ್ಕೆ ಶುರು ಆಗಬೇಕಾದ್ದು ಭಾಷಣ ಮುಗಿದು ಎಂಟಾಗಿರುತ್ತೆ. ಸೌಂಡ್ ಚೆಕ್‌ಗೆ ಯಾರ ಹತ್ತಿರ ಟೈಮ್ ಇದೆ?

ಇಕ್ಯೂ, ಅಂದರೆ ಮಿಕ್ಸರ್‌ನಲ್ಲಿ ಯಾವ ಹರ್ಟ್ಸ್‌ನ ಸದ್ದು ಎತ್ತಬೇಕು, ಯಾವುದು ಇಳಿಸಬೇಕು ಅನ್ನೋದು ಹೇಳ್ತೀನಿ, ಆದರೆ ಕಣ್ಮುಚ್ಚಿ ಹಾಕಬೇಡಿ. 350-400ರಲ್ಲಿ ಆರೇಳು ಡಿಬಿ ಇಳಿಸಿ, ಡಬ್ಬದ ಸದ್ದು ಇರೋದು ಅಲ್ಲೇ. 60ರಲ್ಲಿ ಮೂರು ಎತ್ತಿದರೆ ಸಾಕು. ಮೂರೂವರೆ-ನಾಲ್ಕು ಸಾವಿರದ ಹತ್ತಿರ ನಾಲ್ಕು-ಐದು ಎತ್ತಿದರೆ ಕೊನೇ ಸಾಲಿಗೂ ಏಟು ಹೋಗುತ್ತೆ. ಎಲ್ಲಕ್ಕಿಂತ ಮೊದಲು ಮಿಕ್ಸರ್‌ನ ಪೋಲಾರಿಟಿ ಬಟನ್, ಅಂದರೆ ಮೈಕಿನ ಸಿಗ್ನಲ್ ಉಲ್ಟಾ ಮಾಡೋ ಬಟನ್, ಒತ್ತಿ, ಬಿಟ್ಟು ನೋಡಿ. ಸೆಟ್ ಮೇಲೆ ಇಡೋ ಓವರ್‌ಹೆಡ್ ಮೈಕುಗಳು ಆನ್ ಇರಬೇಕು, ಬಿನ್ ಮುಂದೆ ನಿಂತಿರಬೇಕು. ನನ್ನ ಸೆಟಪ್‌ನಲ್ಲಿ ಒತ್ತಿದಾಗ ಬೇಸ್ ಅರ್ಧಕ್ಕರ್ಧ ಜಾಸ್ತಿ ಆಯಿತು. ಇಕ್ಯೂ ಮುಟ್ಟದೆಯೇ! ಬಹಳ ಜನ ಮೈಕ್ ಸರಿಯಿಲ್ಲ ಅಂತ ಬೈಯೋದು ಈ ಒಂದು ಬಟನ್‌ಗೆ. ಏಟುಗಳ ನಡುವೆ ಮೈಕ್ ಮುಚ್ಚೋ ಗೇಟ್‌ನ ನಂಬರ್ ಮಾತ್ರ ಕೇಳಬೇಡಿ, ಅದು ನನ್ನದು.

ಹಿರಿಯರನ್ನ ಒಪ್ಪಿಸದೆ ಬಿಡೋ ಹಾಗಿರಲಿಲ್ಲ. ಗೆಳೆಯನ ಬೀಟಾ 52ಎ ಒಂದು ದಿನಕ್ಕೆ ಇಸಿದುಕೊಂಡೆ. ಅದೇ ಡ್ರಮ್, ಅದೇ ಕಂಬಳಿ, ಅದೇ ಜಾಗ. ಎರಡನ್ನೂ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಿ, ಸದ್ದು ಒಂದೇ ಮಟ್ಟಕ್ಕೆ ತಂದು, ಹೆಸರು ಹೇಳದೆ ಬಿನ್‌ನಲ್ಲಿ ಕೇಳಿಸಿದೆ. ಇಕ್ಯೂ ಇಲ್ಲದೆ ಕೇಳಿದಾಗ ಬೀಟಾನೇ ಮೇಲು, ಅದರಲ್ಲಿ ಸುಳ್ಳಿಲ್ಲ. ಡಬ್ಬದಿಂದ ತೆಗೆದ ಹಾಗೇ ಕಿಕ್ ಥರ ಕೇಳುತ್ತೆ. ಇಕ್ಯೂ ಹಾಕಿದ ಮೇಲೆ ಡ್ರಮ್ಮರ್ ಒಮ್ಮೆ ಅದು, ಒಮ್ಮೆ ಇದು ಅಂದ. ಹಿರಿಯರು ಕಣ್ಣು ಮುಚ್ಚಿ ಕೇಳಿ, ಪಿ2 ಓಡುವಾಗ ಬೆರಳೆತ್ತಿ "ಇದು ನೋಡು ದೊಡ್ಡ ಮೈಕು" ಅಂದರು. ನಾನು ಮಾತಾಡಲಿಲ್ಲ, ಸ್ಕ್ರೀನ್ ಅವರ ಕಡೆ ತಿರುಗಿಸಿದೆ ಅಷ್ಟೇ. ಕಳೆದ ಗಣಪತಿಗೆ ಅವರೇ ಫೋನ್ ಮಾಡಿ "ಆ ಸೈಕಲ್ ಅಂಗಡಿ ಸಾಮಾನು ಯಾವುದು ತಮ್ಮಾ" ಅಂತ ಕೇಳಿದರು. ಅವರಿಗೆ ಹೇಳಿದೀನಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಸ್ಪೀಕರ್ ಅಂದರೆ ಉಲ್ಟಾ ಡೈನಮಿಕ್ ಮೈಕೇ ಅಲ್ವಾ. ಸ್ಟುಡಿಯೋದವರು ಯಮಹಾ ಎನ್‌ಎಸ್‌10 ಸ್ಪೀಕರ್‌ನ ವೂಫರ್ ಬಿಚ್ಚಿ ಕಿಕ್ ಮುಂದೆ ಇಡ್ತಿದ್ದರು. ಆಮೇಲೆ ಯಮಹಾದವರೇ ಸಬ್‌ಕಿಕ್ ಅಂತ ಮಾಡಿ ಮಾರಿದರು. ನಾನು ಗುಜರಿಯಿಂದ ಕಾರಿನ ಆರು ಇಂಚಿನ ಸ್ಪೀಕರ್ ತಂದೆ, 100 ರೂಪಾಯಿ. ಮೈಕ್ ಕೇಬಲ್‌ನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನ 2 ಮತ್ತು 3ನೇ ಪಿನ್‌ಗೆ ಬೆಸುಗೆ, 1ಕ್ಕೆ ಏನೂ ಇಲ್ಲ. ನನ್ನ ಹಳೇ ಮಿಕ್ಸರ್‌ನಲ್ಲಿ ಫ್ಯಾಂಟಮ್ ಎಲ್ಲಾ ಚಾನೆಲ್‌ಗೂ ಒಂದೇ ಸ್ವಿಚ್, ಅದಕ್ಕೇ ಈ ಎಚ್ಚರ. ಸಿಗ್ನಲ್ ಎಷ್ಟು ಜೋರು ಅಂದರೆ ಮಿಕ್ಸರ್‌ನಲ್ಲಿ ಸಿಗ್ನಲ್ ತಗ್ಗಿಸೋ ಪ್ಯಾಡ್ ಬಟನ್ ಒತ್ತದೆ ಕೆಂಪು ದೀಪ ಆರಲೇ ಇಲ್ಲ. ರೆಕಾರ್ಡಿಂಗ್‌ನಲ್ಲಿ ಪಿ2 ಜೊತೆ ಬೆರೆಸಿದರೆ ಹೊಟ್ಟೆಗೆ ಗುದ್ದಿದ ಹಾಗಿರುತ್ತೆ. ಮೈದಾನದಲ್ಲಿ ಆಗಲ್ಲ. ಬಿನ್‌ನ ಬೇಸ್ ತಿರುಗಿ ಸ್ಪೀಕರ್‌ಗೆ ಬಡಿದು ಊಂ ಅಂತ ಸುತ್ತುತ್ತೆ.

ಡೊಳ್ಳಿಗೂ ಪಿ2 ಇಟ್ಟು ನೋಡಿದೀನಿ, ರಾಜ್ಯೋತ್ಸವದ ಕಾರ್ಯಕ್ರಮ ಒಂದರಲ್ಲಿ. ಡೊಳ್ಳಿನವರು ಒಂದು ಕಡೆ ನಿಲ್ಲಲ್ಲ, ಕುಣೀತಾರೆ, ಒಬ್ಬರ ಹೆಗಲ ಮೇಲೊಬ್ಬರು ಹತ್ತುತಾರೆ. ಒಂದೊಂದು ಡೊಳ್ಳಿಗೆ ಮೈಕ್ ಆಗದ ಮಾತು. ವೇದಿಕೆ ಮುಂದೆ ಮೊಣಕಾಲೆತ್ತರಕ್ಕೆ ಇಟ್ಟೆ. ಕಿಕ್‌ಗೆ ಹಾಕೋ ಇಕ್ಯೂ ಅಲ್ಲಿ ನಡೆಯಲ್ಲ. ಡೊಳ್ಳಿನ ಜೀವ ಇರೋದೇ ಕಿಕ್‌ನಲ್ಲಿ ನಾವು ಕತ್ತರಿಸೋ 300-400ರಲ್ಲಿ. ಅದನ್ನ ಮುಟ್ಟದೆ ಬಿಟ್ಟೆ, ಚೆನ್ನಾಗಿ ಬಂತು. ಹಲಗೆ ಮೇಲಿನ ಹೆಜ್ಜೆ ಸದ್ದು ಸ್ಟ್ಯಾಂಡ್ ಮೂಲಕ ಬರುತ್ತಿತ್ತು, ಸ್ಟ್ಯಾಂಡ್ ಕಾಲಿಗೆ ಹಳೇ ಟ್ಯೂಬಿನ ತುಂಡು ಹಾಕಿದ ಮೇಲೆ ನಿಂತಿತು.

ಲೆಕ್ಕ ಇಷ್ಟು: ಮೈಕ್ 4,000, ಮೋಟು ಕೇಬಲ್ ಒಂದು 350ರ ಹತ್ತಿರ, ಸೈಕಲ್ ಅಂಗಡಿ 60, ಕಂಬಳಿ ಮನೇದು. ನಾಲ್ಕೂವರೆ ಸಾವಿರ ದಾಟಿಲ್ಲ. ಏಳು ಮೈಕಿನ ಸೂಟ್‌ಕೇಸು, ಬೌಂಡರಿ, ಗುಜರಿ ಸ್ಪೀಕರ್ ಸೇರಿಸಿದರೆ ಇನ್ನೊಂದು ಏಳು ಸಾವಿರ ಹೋಗಿದೆ, ಅದನ್ನ ಫೀಸ್ ಅಂತ ಬರೆದುಕೊಂಡಿದೀನಿ. ಹೊಸ ಪಿ2 ತಗೊಳ್ಳೋ ಶಕ್ತಿ ಇದ್ದವರು ಹೊಸದೇ ತಗೊಳ್ಳಿ. ಡ್ರಮ್ ಮುಟ್ಟೋಕೆ ಬಿಡದ ಡ್ರಮ್ಮರ್‌ಗಳ ಜೊತೆಗೇ ನಿಮ್ಮ ಕೆಲಸ ಜಾಸ್ತಿ ಅಂದರೆ ಸಾಲ ಮಾಡಿಯಾದರೂ ಬೀಟಾ ತಗೊಳ್ಳಿ, ಯಾಕಂದ್ರೆ ನನ್ನ ವಿಧಾನ ಪೂರ್ತಿ ನಿಂತಿರೋದು ಒಳಗೆ ಕೈ ಹಾಕೋದರ ಮೇಲೆ.

ಮುಂದಿನ ಹೆಡ್‌ಗೆ ತೂತೇ ಇಲ್ಲದ ಸೆಟ್ ಬಂದರೆ ಏನು ಮಾಡ್ತೀರಿ ಅಂತ ಕೇಳ್ತಾರೆ. ಓನರ್ ಒಪ್ಪಿದರೆ ಆ ಹೆಡ್ಡನ್ನೇ ಬಿಚ್ಚಿ ಗಾಡೀಲಿ ಇಡ್ತೀನಿ. ಒಪ್ಪದಿದ್ದರೆ ಪಿ2 ಮೈಕನ್ನ ಪೆಡಲ್ ಕಡೆ, ಡ್ರಮ್ಮರ್‌ನ ಮೊಣಕಾಲ ಕೆಳಗೆ, ಬೀಟರ್ ಬಡಿಯೋ ಜಾಗಕ್ಕೆ ಮುಖ ಮಾಡಿ ಇಡ್ತೀನಿ. ಆಗ ಪೋಲಾರಿಟಿ ಬಟನ್ ಉಲ್ಟಾ ಮಾಡೋದು ಮರೆಯಬೇಡಿ. ಮತ್ತೆ ಪೆಡಲ್‌ಗೆ ಒಂದು ಹನಿ ಎಣ್ಣೆ ಬಿಡಿ, ಇಲ್ಲಾಂದ್ರೆ ಅದರ ಕೀಚ್ ಕೀಚ್ ಊರಿಗೆಲ್ಲಾ ಕೇಳುತ್ತೆ.