ಸ್ಪ್ರಿಂಕ್ಲರ್ ಟೈಮ್ ಯಾಕೆ ತಪ್ಪುತ್ತಿತ್ತು?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮನೆ. ಮುಂದಿನ ಹುಲ್ಲಿಗೆ ಬೆಳಿಗ್ಗೆ 5ಕ್ಕೆ ನೀರು ಚಿಮ್ಮುವಂತೆ ಟೈಮರ್ ಹಾಕಿಸಿದ್ದೆ. ಆಗ ಬಿಸಿಲಿರಲ್ಲ, ನೀರು ಆವಿಯಾಗೋದು ಕಮ್ಮಿ.

ಒಂದು ದಿನ ಎದುರುಮನೆ ಆಂಟಿ ಬಂದರು. "ಬೇಜಾರು ಮಾಡ್ಕೋಬೇಡಿ, ನಿಮ್ಮ ನೀರು ಎಂಟು ಗಂಟೆಗೆ ಫುಟ್‌ಪಾತ್ ಮೇಲೆ ಬೀಳ್ತಿದೆ. ಸ್ಕೂಲ್ ಮಕ್ಕಳು ಯೂನಿಫಾರಂ ನೆನೆಯುತ್ತೆ ಅಂತ ರಸ್ತೆಗಿಳೀತಾರೆ" ಅಂದರು. ನಾಚಿಕೆಯಾಯ್ತು.

ನಮ್ಮದು ಡಯಲ್ ತಿರುಗುವ ಹಳೇ ಟೈಮರ್. ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತುಬಿಡುತ್ತದೆ. ಆ ವಾರ ಒಟ್ಟು ಮೂರು ಗಂಟೆ ಹೋಗಿತ್ತು, ಲೆಕ್ಕ ಸರಿಹೋಯ್ತಲ್ವಾ! ಸುಮ್ನೆ ಮೆಷಿನ್ ಕೆಟ್ಟಿದೆ ಅಂತ ಬೈದಿದ್ದೆ.

ಬ್ಯಾಟರಿ ಬ್ಯಾಕಪ್ ಇರುವ ಟೈಮರ್ ಹಾಕಿಸಿದೆ. ನಾಜಲ್ ಮೇಲಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿದೆ, ನೀರು ಕಾಂಪೌಂಡ್ ದಾಟೋದು ನಿಂತಿತು. ಫುಟ್‌ಪಾತ್ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ. ಜಾಸ್ತಿ ಬೆವರು ಸುರಿದಿದ್ದು ಅದಕ್ಕೇ.