ವಾರವಿಡೀ ಒಂದೇ ಸಾರು: ಮಧ್ಯಾಹ್ನದ ಬುತ್ತಿ ಕಟ್ಟಲು ಕಲಿಯುವುದು ಹೀಗೆ

ಹೆಂಡತಿಗೆ ಹುಬ್ಬಳ್ಳಿಗೆ ವರ್ಗವಾದಾಗ ನನಗೆ ಕಾಫಿ ಮತ್ತು ಆಮ್ಲೆಟ್ ಬಿಟ್ಟು ಬೇರೇನೂ ಮಾಡಲು ಬರುತ್ತಿರಲಿಲ್ಲ. ಮೈಸೂರಿನ ಮನೆಯಲ್ಲಿ ಉಳಿದವರು ನಾನು ಮತ್ತು ಏಳನೇ ಕ್ಲಾಸಿನ ಮಗಳು. ಬೆಳಿಗ್ಗೆ ಎಂಟಕ್ಕೆ ಅವಳ ಸ್ಕೂಲ್ ವ್ಯಾನ್ ಬರುತ್ತದೆ. ಅಷ್ಟರೊಳಗೆ ಎರಡು ಡಬ್ಬಿ ತುಂಬಬೇಕು.

ಮೊದಲ ಹದಿನೈದು ದಿನ ಮೊಬೈಲ್ ಎದುರಿಗಿಟ್ಟುಕೊಂಡು ದಿನಕ್ಕೊಂದು ಅಡುಗೆ ಮಾಡಿದೆ. ಸೋಮವಾರ ವಾಂಗಿಬಾತ್, ಮಂಗಳವಾರ ಪಲಾವ್, ಬುಧವಾರ ಹೆಸರೇ ನೆನಪಿಲ್ಲದ ಒಂದು ಪಾಲಕ್ ಅನ್ನ. ಕಲಿತದ್ದು ಮಾತ್ರ ಸೊನ್ನೆ. ಎರಡನೇ ಸಲ ವಾಂಗಿಬಾತ್‌ಗೆ ಕೈಹಾಕಿದಾಗ ಮತ್ತೆ ಅದೇ ವಿಡಿಯೊ ಬೇಕಾಯಿತು. ಕಪಾಟಿನಲ್ಲಿ ಒಂದೊಂದೇ ಸಲ ಬಳಸಿದ ಮಸಾಲೆ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಮಗಳ ಡಬ್ಬಿ ಅರ್ಧ ತುಂಬಿಯೇ ವಾಪಸ್ ಬರುತ್ತಿತ್ತು.

ಊರಿನಿಂದ ಅಮ್ಮ ಫೋನಿನಲ್ಲಿ ನಕ್ಕಳು. ‘ಒಂದು ಸಾರು ನೆಟ್ಟಗೆ ಮಾಡೋದು ಕಲಿ ಮೊದಲು. ಉಳಿದದ್ದು ತಾನಾಗೇ ಬರತ್ತೆ ಕಣೋ’ ಅಂದಳು. ಹುಣಸೆಹಣ್ಣು ಎಷ್ಟಮ್ಮ ಅಂದರೆ ‘ಕಣ್ಣಳತೆ’ ಅಂದಳು. ಕಣ್ಣಳತೆ ಗೊತ್ತಿದ್ದಿದ್ದರೆ ನಾನು ಫೋನ್ ಯಾಕೆ ಮಾಡುತ್ತಿದ್ದೆ?

ಆದರೂ ಅವಳು ಹೇಳಿದ್ದರಲ್ಲಿ ದಾರಿ ಇತ್ತು. ವಾರಕ್ಕೆ ಒಂದೇ ಅಡುಗೆ. ಅದನ್ನೇ ಆರು ದಿನ ಮಾಡುವುದು. ದಿನಕ್ಕೆ ಒಂದೇ ಒಂದು ಸಂಗತಿ ಬದಲಿಸುವುದು. ಹೀಗೆ ನಾಲ್ಕು ವಾರ.

ಮೊದಲು, ಅಡುಗೆಮನೆ ಸಣ್ಣದಾಗಲಿ

ಕಲಿಯುವಾಗ ಕೈಗೆ ಸಿಗುವ ಸಾಮಾನು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಕುಕ್ಕರ್, ಒಂದು ಬಾಣಲೆ, ಒಂದು ಪಾತ್ರೆ, ಒಗ್ಗರಣೆಗೆ ಒಂದು ಸೌಟು. ಅಳತೆಗೆ ಒಂದೇ ಲೋಟ. ಇವತ್ತು ಸ್ಟೀಲ್ ಲೋಟ, ನಾಳೆ ಗಾಜಿನ ಲೋಟ ಎಂದಾದರೆ ಎಡವಟ್ಟು ಎಲ್ಲಾಯಿತು ಅಂತ ಪತ್ತೆಯೇ ಆಗುವುದಿಲ್ಲ.

ಏಳು ಬಟ್ಟಲಿನ ಒಗ್ಗರಣೆ ಡಬ್ಬಿ ಸಾಕು: ಸಾಸಿವೆ, ಜೀರಿಗೆ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಅರಿಶಿನ, ಒಣಮೆಣಸಿನಕಾಯಿ. ಇಂಗು ಬೇರೆ ಕಡೆ ಇರಲಿ, ಇಲ್ಲದಿದ್ದರೆ ಎಲ್ಲವೂ ಇಂಗಾಗುತ್ತದೆ. ಸಾರಿನ ಪುಡಿ ಅಮ್ಮ ಕಳಿಸಿದ್ದಾದರೂ ಸರಿ, ಅಂಗಡಿಯದಾದರೂ ಸರಿ. ಕಲಿಯುವ ವಾರದಲ್ಲೇ ಪುಡಿ ಹುರಿಯಲು ಹೋಗಬೇಡಿ. ಅದು ಬೇರೆಯದೇ ವಿದ್ಯೆ.

ಸಾರಿನ ವಾರ

ಇದೇ ಕಷ್ಟದ ವಾರ, ಇದೇ ಮುಖ್ಯದ ವಾರ. ಎರಡು ಮೂರು ಜನಕ್ಕೆ ಕಾಲು ಲೋಟ ತೊಗರಿಬೇಳೆ ತೆಗೆದುಕೊಳ್ಳಿ. ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯೇ ಬೇಕೆಂದಿಲ್ಲ. ಆದರೆ ಆರು ದಿನವೂ ಒಂದೇ ಪೊಟ್ಟಣದ ಬೇಳೆ ಇರಲಿ. ತೊಳೆದು ಅರ್ಧ ಗಂಟೆ ನೆನೆಸಿ, ಮೂರು ಪಟ್ಟು ನೀರು, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ತೆರೆದ ಪಾತ್ರೆಯಲ್ಲಿ ನೀರು ಎಷ್ಟು ಕುದಿದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕುಕ್ಕರಿನೊಳಗೆ ಒತ್ತಡದಿಂದ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ.

ಅಷ್ಟರಲ್ಲಿ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ನೆನೆಸಿ ಹಿಂಡಿಕೊಳ್ಳಿ. ಪಾತ್ರೆಯಲ್ಲಿ ಹುಣಸೆ ರಸ, ಹೆಚ್ಚಿದ ಒಂದು ಟೊಮೆಟೊ, ಒಂದೂವರೆ ಟೀ ಚಮಚ ಸಾರಿನ ಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ ಹಾಕಿ ಕುದಿಸಿ. ಹಸಿ ವಾಸನೆ ಹೋಗಬೇಕು. ಈ ‘ಹಸಿ ವಾಸನೆ’ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ ನೋಡಿ. ಮೂರನೇ ದಿನ ನನ್ನ ಮೂಗಿಗೆ ಗೊತ್ತಾಯಿತು. ಕುದಿ ಶುರುವಾಗಿ ಆರೇಳು ನಿಮಿಷಕ್ಕೆ ಪುಡಿಯ ಘಾಟು ಇಳಿದು ಬೇರೊಂದು ಪರಿಮಳ ಬರುತ್ತದೆ. ಆಗ ಮಸೆದ ಬೇಳೆ, ಬೇಕಾದಷ್ಟು ನೀರು ಸೇರಿಸಿ. ಮೇಲೆ ನೊರೆ ಉಕ್ಕಿ ಬಂದ ಕೂಡಲೇ ಒಲೆ ಆರಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ.

ಮೊದಲ ದಿನ ನಾನು ಜಾಣತನ ತೋರಿಸಲು ಹೋಗಿ ಹುಣಸೆ ರಸವನ್ನೂ ಬೇಳೆಯ ಜೊತೆಗೇ ಕುಕ್ಕರಿಗೆ ಸುರಿದಿದ್ದೆ. ಒಂದು ಪಾತ್ರೆ ಉಳಿಯಿತಲ್ವಾ ಅಂತ ಲೆಕ್ಕ. ಆರು ಸೀಟಿಯಾದರೂ ಬೇಳೆ ಗಟ್ಟಿ. ಹುಳಿ ಇದ್ದಲ್ಲಿ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಅಂಟು ಬೇಗ ಬಿಡುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಬೇಳೆ ಬೆಂದ ಮೇಲೆಯೇ ಹುಳಿ. ಅಂದು ಡಬ್ಬಿಯಲ್ಲಿ ಸಾರಿನ ಬದಲು ಬ್ರೆಡ್ಡು ಹೋಯಿತು.

ಈಗ ಬದಲಾವಣೆಯ ಲೆಕ್ಕ. ಸೋಮವಾರ ಮೇಲೆ ಹೇಳಿದಂತೆಯೇ ಮಾಡಿ. ಮಂಗಳವಾರ ಹುಣಸೆಹಣ್ಣು ಮಾತ್ರ ಅರ್ಧ ಮಾಡಿ, ಉಳಿದದ್ದೆಲ್ಲ ಹಾಗೇ ಇರಲಿ. ಬುಧವಾರ ಹುಣಸೆ ಮೊದಲಿನಷ್ಟೇ, ಪುಡಿಯನ್ನು ಮಾತ್ರ ಕೊನೆಗೆ ಹಾಕಿ ನೋಡಿ. ಗುರುವಾರ ಬೇಳೆಯನ್ನು ಮಸೆಯದೆ ಬರೀ ಕಟ್ಟು ಬಳಸಿ. ಶುಕ್ರವಾರ ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ. ಪ್ರತಿದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ಸಾಲು ಬರೆಯಿರಿ. ನನ್ನ ಕ್ಯಾಲೆಂಡರಿನಲ್ಲಿ ಮಂಗಳವಾರದ ಮನೆಯಲ್ಲಿ ‘ಹುಳಿ ಸಾಲದು, ಮಗಳಿಗೆ ಇಷ್ಟ’ ಅಂತಿದೆ. ಹಾಗೆ ನಮ್ಮ ಮನೆಯ ಸಾರಿಗೆ ಹುಣಸೆ ಎಷ್ಟು ಅಂತ ತೀರ್ಮಾನವಾಯಿತು. ಒಂದೇ ದಿನ ಹುಳಿ, ಪುಡಿ, ಬೆಲ್ಲ ಮೂರೂ ಬದಲಿಸಿದ್ದರೆ ರುಚಿ ಬದಲಾದದ್ದು ಯಾವುದರಿಂದ ಅಂತ ದೇವರೇ ಹೇಳಬೇಕಿತ್ತು.

ವಾರವಿಡೀ ಅದೇ ಸಾರು ಉಂಡರೆ ಬೇಜಾರಾಗಲ್ವಾ? ಗುರುವಾರ ಸ್ವಲ್ಪ ಆಯಿತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಹಪ್ಪಳ ಕಳಿಸಿದೆ.

ವಿಡಿಯೊ ಒಂದು ಸಲ, ಆಮೇಲೆ ಫೋನ್ ಬೇರೆ ಕೋಣೆಗೆ

ವಿಡಿಯೊ ನೋಡಲೇಬಾರದು ಅಂತಲ್ಲ. ಹಿಂದಿನ ರಾತ್ರಿ ಒಂದು ಸಲ ಪೂರ್ತಿ ನೋಡಿ. ಮುಚ್ಚಿಡಿ. ಹತ್ತು ನಿಮಿಷ ಬಿಟ್ಟು ಹಾಳೆ ಮೇಲೆ ನೆನಪಿನಿಂದ ಬರೆಯಿರಿ. ಏನು ಮೊದಲು, ಏನು ಆಮೇಲೆ, ಎಷ್ಟು? ಎಲ್ಲಿ ತಡವರಿಸಿದಿರೋ ಅಷ್ಟನ್ನು ಮಾತ್ರ ಮತ್ತೆ ನೋಡಿ. ಬೆಳಿಗ್ಗೆ ಅಡುಗೆ ಮಾಡುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

ಇದು ನನ್ನ ಕಂಡುಹಿಡಿತವಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಆದರೆ ಒಂದು ವಾರದ ನಂತರ, ಓದುವುದರ ಬದಲು ನೆನಪು ಮಾಡಿಕೊಂಡು ಬರೆದವರಿಗೇ ಜಾಸ್ತಿ ಉಳಿದಿತ್ತು. ನನ್ನ ಹದಿನೈದು ವಿಡಿಯೊಗಳಿಗೆ ಆದದ್ದೂ ಇದೇ. ನೋಡುವಾಗ ಎಲ್ಲ ಗೊತ್ತಿದ್ದಂತೆ ಅನಿಸುತ್ತಿತ್ತು. ಒಲೆ ಮುಂದೆ ನಿಂತರೆ ತಲೆ ಖಾಲಿ.

ಎರಡನೇ ವಾರ ಚಿತ್ರಾನ್ನ

ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು. ಅನ್ನ ಉದುರುದುರಾಗಿರಬೇಕು. ಅಗಲ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ ಸವರಿ ಆರಲು ಬಿಡಿ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಹಾಕಿ ಕಡಲೆಕಾಯಿ ಬೀಜ ಮೊದಲು ಹುರಿಯಿರಿ, ಅದಕ್ಕೆ ಹೊತ್ತು ಜಾಸ್ತಿ ಬೇಕು. ಆಮೇಲೆ ಸಾಸಿವೆ, ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು. ಕೊನೆಗೆ ಅರಿಶಿನ ಮತ್ತು ಉಪ್ಪು. ಉಪ್ಪನ್ನು ಅನ್ನಕ್ಕೆ ಉದುರಿಸುವುದಕ್ಕಿಂತ ಒಗ್ಗರಣೆಗೇ ಹಾಕಿದರೆ ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಒಲೆ ಆರಿಸಿ, ಅನ್ನ ಕಲಸಿ, ಆಮೇಲೆ ನಿಂಬೆರಸ. ಉರಿಯ ಮೇಲೆ ನಿಂಬೆರಸ ಹಿಂಡಿದರೆ ಕಹಿಯಾಗುತ್ತದೆ. ಬುಧವಾರದ ನನ್ನ ಡಬ್ಬಿ ಅದಕ್ಕೆ ಸಾಕ್ಷಿ.

ರಾತ್ರಿಯ ಅನ್ನದಲ್ಲೂ ಮಾಡಬಹುದು, ಆದರೆ ಒಂದು ಎಚ್ಚರಿಕೆ ಇದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ರಾತ್ರಿಯೆಲ್ಲ ಒಲೆಯ ಪಕ್ಕ ಕೂತಿದ್ದ ಅನ್ನ ಮಗುವಿನ ಡಬ್ಬಿಗೆ ಬೇಡ.

ಬಿಸಿ ಬಿಸಿ ತುಂಬಿ ತಕ್ಷಣ ಮುಚ್ಚಳ ಬಿಗಿಯಬೇಡಿ. ಆವಿ ನೀರಾಗಿ ಕೆಳಗಿಳಿದು ಚಿತ್ರಾನ್ನ ಮುದ್ದೆಯಾಗುತ್ತದೆ. ಹತ್ತು ನಿಮಿಷ ತೆರೆದಿಡಿ. ಮಗಳಿಗೆ ಜಡೆ ಹಾಕಲು ಅಷ್ಟು ಹೊತ್ತು ಸರಿಯಾಗಿ ಬೇಕು.

ಮೊಸರನ್ನ, ಕೋಸಂಬರಿ

ಇವೆರಡು ಸುಲಭ, ಬೇಗ ಹೇಳಿಬಿಡುತ್ತೇನೆ. ಮೊಸರನ್ನಕ್ಕೆ ಅನ್ನ ಮೆತ್ತಗಿರಲಿ, ಬಿಸಿ ಇರುವಾಗಲೇ ಮಸೆಯಿರಿ. ಹಾಲು ಜಾಸ್ತಿ, ಮೊಸರು ಎರಡೇ ಚಮಚ, ಅದೂ ಉಗುರುಬೆಚ್ಚಗಾದ ಮೇಲೆ. ಮೊಸರಿನ ಬ್ಯಾಕ್ಟೀರಿಯ ಡಬ್ಬಿಯೊಳಗೂ ಕೆಲಸ ಮಾಡುತ್ತಲೇ ಇರುತ್ತದೆ. ಬೆಳಿಗ್ಗೆಯೇ ಪೂರ್ತಿ ಮೊಸರು ಹಾಕಿದರೆ ಒಂದು ಗಂಟೆಯ ಊಟದ ಹೊತ್ತಿಗೆ ಹುಳಿ ಹುಳಿ. ಹಾಲು ಹಾಕಿದ್ದು ಅಷ್ಟರಲ್ಲಿ ಹದವಾಗಿ ಹೆಪ್ಪುಗಟ್ಟಿರುತ್ತದೆ.

ಕೋಸಂಬರಿಗೆ ಒಲೆಯೇ ಬೇಡ. ಹೆಸರುಬೇಳೆ ಒಂದು ಗಂಟೆ ನೆನೆಯಲಿ, ಸೌತೆಕಾಯಿ, ಕಾಯಿತುರಿ, ನಿಂಬೆ ಸೇರಿಸಿ. ಉಪ್ಪನ್ನು ಮಾತ್ರ ಪುಟ್ಟ ಕಾಗದದಲ್ಲಿ ಕಟ್ಟಿ ಬೇರೆ ಕಳಿಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬ್ಯಾಗು, ಪುಸ್ತಕ ಎಲ್ಲ ಒದ್ದೆ. ನಮ್ಮ ಮನೆಯ ಸಮಾಜ ವಿಜ್ಞಾನದ ಪುಸ್ತಕಕ್ಕೆ ಇನ್ನೂ ಕೊತ್ತಂಬರಿ ವಾಸನೆ ಇದೆ.

ಐದನೇ ವಾರ ಹಿಂದಕ್ಕೆ ಹೋಗಿ

ಇಲ್ಲಿ ಹೊಸದು ಕಲಿಯುವ ಆಸೆ ಬರುತ್ತದೆ. ತಡೆಯಿರಿ. ಸಾರು ಮಾಡಿ ಮೂರು ವಾರವಾಗಿರುತ್ತದೆ, ಅರ್ಧ ಮರೆತಿರುತ್ತದೆ. ಅದೇ ಬೇಕಾದದ್ದು. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತ ಸ್ವಲ್ಪ ಹೊತ್ತಿನಲ್ಲೇ ಮರೆವು ಜೋರು, ಆಮೇಲೆ ನಿಧಾನ. ಒಂದೇ ಸಲ ಉರು ಹೊಡೆಯುವುದಕ್ಕಿಂತ ನಡುವೆ ದಿನ ಬಿಟ್ಟು ಮತ್ತೆ ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ ಎಂಬುದೂ ಅವನಿಗೆ ಕಂಡಿತು. ಹಾಗಾಗಿ ಐದನೇ ವಾರ ನಾಲ್ಕನ್ನೂ ಕಲಸಿ ಮಾಡಿ. ಸೋಮವಾರ ಸಾರು, ಮಂಗಳವಾರ ಚಿತ್ರಾನ್ನ, ಹೀಗೆ. ಕ್ಯಾಲೆಂಡರ್ ನೋಡುವಂತಿಲ್ಲ. ತಪ್ಪಿದರೆ ತಪ್ಪಲಿ, ಸಂಜೆ ನೋಡಿಕೊಳ್ಳಿ.

ಹೊತ್ತಿನ ಮಾತೂ ಹೇಳಬೇಕು. ಮೊದಲ ಸೋಮವಾರ ಸಾರು ಅನ್ನಕ್ಕೆ ನನಗೆ ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು. ಈಗ ಮೂವತ್ತೈದು ನಿಮಿಷ. ನಾನೇನೂ ಚುರುಕಾಗಿಲ್ಲ. ಹುಡುಕಾಟ ನಿಂತಿದೆ, ಅಷ್ಟೇ. ರಾತ್ರಿಯೇ ಹುಣಸೆ, ಬೇಳೆ ನೆನೆಸಿ ಫ್ರಿಜ್ಜಿನಲ್ಲಿ ಇಟ್ಟಿರುತ್ತೇನೆ. ಕುಕ್ಕರಿನ ಕೆಳಗೆ ಬೇಳೆ, ಮೇಲೆ ಅಕ್ಕಿ, ಒಂದೇ ಸಲಕ್ಕೆ.

ಈಗ ಎಂಟನೇ ವಾರ. ಹುಬ್ಬಳ್ಳಿಯಲ್ಲಿ ಹೆಂಡತಿ ಪಕ್ಕದ ಮನೆಯವರಿಂದ ಜೋಳದ ರೊಟ್ಟಿ ಕಲಿತಿದ್ದಾಳೆ. ನನಗೂ ಹಟ ಬಂದಿದೆ. ನಾಲ್ಕು ದಿನದಿಂದ ತಟ್ಟುತ್ತಿದ್ದೇನೆ, ಅಂಚು ಒಡೆಯುತ್ತಲೇ ಇದೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ, ಕುದಿವ ನೀರು ಸುರಿದು ನಾದಿದರೆ ಮಾತ್ರ ಹಿಟ್ಟು ಹಿಡಿದುಕೊಳ್ಳುತ್ತದೆ. ‘ನಿಮ್ಮ ನೀರು ಕುದಿದೇ ಇರಲ್ಲ ರೀ, ಬರೀ ಬಿಸಿಯಾಗಿರತ್ತೆ’ ಅಂತಾಳೆ ಫೋನಿನಲ್ಲಿ. ಇರಬಹುದು. ನಾಳೆ ಅದೊಂದನ್ನೇ ಬದಲಿಸುತ್ತೇನೆ.