ಗಾಡಿ ಅಡ್ಡ ನಡೆಯುತ್ತಿತ್ತು

"ಅಣ್ಣ, ನಿಮ್ಮ ಗಾಡಿ ನೇರ ಹೋಗುವುದಿಲ್ಲ. ಏಡಿಯ ಹಾಗೆ ಅಡ್ಡ ಹೋಗ್ತಾ ಉಂಟು."

ಕುಂಬಳೆಯ ಪೆಟ್ರೋಲ್ ಬಂಕಿನಲ್ಲಿ ನನ್ನ ಹಿಂದೆ ಬಂದು ನಿಂತ ಪಿಕಪ್ಪಿನ ಹುಡುಗ ಹೀಗೆ ಹೇಳಿದಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಸ್ಟೇರಿಂಗ್ ಕೆಲವು ದಿನಗಳಿಂದ ಬಲಕ್ಕೆ ಎಳೆಯುತ್ತಿದ್ದದ್ದು ನನಗೂ ಗೊತ್ತಿತ್ತು. ಟೈರಿನ ಗಾಳಿ ಕಡಿಮೆ ಇರಬೇಕು ಎಂದು ಸುಮ್ಮನಿದ್ದೆ.

ಬದಿಯಡ್ಕದಲ್ಲಿ ನನ್ನದೊಂದು ರಿಕವರಿ ಗಾಡಿ ಇದೆ. ಊರಿನವರ ಬಾಯಲ್ಲಿ ಅದು 'ಕ್ರೇನ್'. 2004ರ ಟಾಟಾ 407, ಹಿಂದೆ ಎತ್ತುವ ತೋಳು ಕೂರಿಸಿದ್ದು. ಹೆದ್ದಾರಿ 66ರ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಆ ಮಳೆಗಾಲದಲ್ಲಿ ಕೆಲಸ ಜಾಸ್ತಿ ಇತ್ತು. ಸರ್ವಿಸ್ ರಸ್ತೆಯ ಗುಂಡಿಗೆ ಇಳಿದ ಕಾರು, ಚೆರ್ಕಳ-ಕಲ್ಲಡ್ಕ ರಸ್ತೆಯ ತಿರುವಿನಲ್ಲಿ ಚರಂಡಿಗೆ ಜಾರಿದ ಕಾರು, ಹೀಗೆ. ಗಾಡಿಯನ್ನು ನೋಡಿಕೊಳ್ಳಲು ಪುರುಸೊತ್ತು ಎಲ್ಲಿ?

ಮರುದಿನ ಅಡಿಕೆ ಒಣಗಿಸುವ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ. ನಮ್ಮ ಮನೆಯ ಸುತ್ತ ಸಮತಟ್ಟಾದ ಜಾಗ ಅಂತ ಇರುವುದು ಅದೊಂದೇ. ಅಳತೆ ಟೇಪು ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಬದಿ ಅಳೆದೆ. ಬಲಬದಿಗಿಂತ ಎಡಬದಿ 20 ಮಿಲಿಮೀಟರ್ ಜಾಸ್ತಿ. ಅಂದರೆ ಎಡಬದಿಯಲ್ಲಿ ಹಿಂದಿನ ಆಕ್ಸಲ್, ಎರಡು ಚಕ್ರ ಕೂರಿಸಿದ ದಂಡ, ಅಷ್ಟು ಹಿಂದಕ್ಕೆ ಸರಿದಿದೆ. ಹುಡುಗ ಹೇಳಿದ್ದು ಸರಿ.

ಚಾಸಿಯ ಎತ್ತರವನ್ನೂ ಅಳೆದೆ. ಎಡಬದಿ ಎರಡು ಇಂಚು ಕುಸಿದಿತ್ತು. ಗಾಡಿಯ ಭಾರ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಅಟ್ಟಿ. ಅದರ ಮೇನ್ ಸೆಟ್ಟಿನ ಮೇಲೆ ಒಂದು ಹೆಲ್ಪರ್ ಸೆಟ್ ಇದೆ. ಭಾರ ಬಿದ್ದಾಗ ಮಾತ್ರ ಅದರ ತುದಿ ಚಾಸಿಯ ಬ್ರಾಕೆಟ್ಟಿಗೆ ತಾಗಬೇಕು. ಖಾಲಿ ಗಾಡಿಯಲ್ಲೇ ಅದು ತಾಗಿಕೊಂಡು, ಉಜ್ಜಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಾತ್ರಿ ಎದುರಿನವರು ಯಾಕೆ ಸುಮ್ನೆ ಲೈಟು ಮಿಣುಕಿಸಿ ಬೈಯುತ್ತಾರೆ ಎಂಬುದೂ ಆಗ ತಿಳಿಯಿತು. ಹಿಂದೆ ಕುಸಿದರೆ ಮುಂದಿನ ಹೆಡ್‌ಲೈಟು ಆಕಾಶ ನೋಡುತ್ತದೆ, ಅಲ್ವಾ?

ಗಾಡಿಯ ಅಡಿಗೆ ನುಸುಳಿದಾಗ ಕಂಡದ್ದು ಲೀಫ್ ಅಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟಿನ ತಟ್ಟೆಯಿಂದ ಇಳಿದ ಕೆಂಪು ಗೆರೆ. ಮಳೆನೀರಿನ ಜೊತೆ ತುಕ್ಕಿನ ಪುಡಿ ಇಳಿದು ಆದದ್ದು. ಬಿಗಿಯಾಗಿರುವ ಜಾಗದಲ್ಲಿ ಇಂಥ ಪುಡಿ ಉದುರುವುದಿಲ್ಲ. ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿಕೊಂಡರೆ ಮಾತ್ರ ಉದುರುತ್ತದೆ. ಸ್ಪಾನರ್ ಹಾಕಿದೆ. ನಟ್ಟು ತಿರುಗಿತು, ಆದರೆ ಬಿಗಿಯಾಗಲಿಲ್ಲ. ನೋಡಿದರೆ ನಟ್ಟು ಬೋಲ್ಟಿನ ತುದಿಯಲ್ಲಿ ಅರ್ಧ ಮರೆಗೆ, ಅಂದರೆ ತಿರುಪಿನ ಅರ್ಧ ಸುತ್ತಿಗೆ, ಮಾತ್ರ ಕಚ್ಚಿಕೊಂಡಿದೆ.

ಆಗ ನನಗೆ ಎರಡು ವರ್ಷದ ಹಿಂದಿನ ನನ್ನ ಜಾಣತನ ನೆನಪಾಯಿತು.

ಆಗಲೂ ಗಾಡಿ ಹಿಂದೆ ಸ್ವಲ್ಪ ತಗ್ಗಿತ್ತು. "ಒಂದು ಲೀಫ್ ಜಾಸ್ತಿ ಹಾಕಿ, ಎದ್ದು ನಿಲ್ಲುತ್ತದೆ" ಎಂದು ಯಾರೋ ಹೇಳಿದರು. ನಾನೂ ತಲೆ ಅಲ್ಲಾಡಿಸಿ ಎರಡೂ ಬದಿಗೆ 10 ಮಿಲಿಮೀಟರ್ ದಪ್ಪದ ಒಂದೊಂದು ಲೀಫ್ ಸೇರಿಸಿದೆ. ಗಾಡಿ ಎದ್ದು ನಿಂತದ್ದು ನಿಜ. ಆದರೆ ಲೀಫ್ ಅಟ್ಟಿ 10 ಮಿಲಿಮೀಟರ್ ಹೆಚ್ಚು ದಪ್ಪವಾಯಿತು, ಯು ಬೋಲ್ಟ್ ಮಾತ್ರ ಹಳೆಯದೇ, ಹಳೆಯ ಉದ್ದವೇ. ನಟ್ಟಿಗೆ ಕಚ್ಚಲು ಮರೆ ಸಾಲಲಿಲ್ಲ. ಅದು ಸಡಿಲವಾಯಿತು. ಯು ಬೋಲ್ಟ್ ಸಡಿಲವಾದರೆ ಆಕ್ಸಲಿನ ತಳ್ಳಾಟವೆಲ್ಲ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಆ ಬೋಲ್ಟ್ ಇರುವುದು ಲೀಫ್‌ಗಳನ್ನು ಕಟ್ಟಿಡಲು ಮತ್ತು ಆಕ್ಸಲಿನ ಮೇಲೆ ಅವುಗಳ ಜಾಗ ತೋರಿಸಲು. ಭಾರ ಹೊರುವುದು ಅದರ ಕೆಲಸ ಅಲ್ಲ. ಕೊನೆಗೆ ಅದು ತುಂಡಾಯಿತು. ಆಕ್ಸಲ್ ಸರಿಯಿತು.

ಅಂದರೆ ಕಾಯಿಲೆ ತಂದದ್ದು ನಾನೇ ಕೊಟ್ಟ ಮದ್ದು.

ಬಿಚ್ಚುವ ಕೆಲಸಕ್ಕೆ ಸೀತಾಂಗೋಳಿ ಕಡೆಯ ಒಬ್ಬ ಲೀಫ್ ಕೆಲಸದ ಇಚ್ಚನನ್ನು, ಅಂದರೆ ಅಣ್ಣನನ್ನು, ಕರೆದೆ. ನನ್ನಪ್ಪನ ಪ್ರಾಯ, ಮಾತು ಕಡಿಮೆ. ಬಂದವರು ಮೊದಲು ಮಾಡಿದ್ದು ನಾನು ಜಾಕಿನ ಅಡಿಗೆ ಇಟ್ಟಿದ್ದ ಮುರಕಲ್ಲನ್ನು ಕಾಲಿನಿಂದ ಒದ್ದು ಬದಿಗೆ ಸರಿಸಿದ್ದು. "ಮನೆ ಕಟ್ಟಲಿಕ್ಕೆ ಒಳ್ಳೇದು ಇದು. ಇದರ ಮೇಲೆ ಲಾರಿ ಕೂರಿಸಿ ಅಡಿಗೆ ಮಲಗ್ತೀಯಾ?" ಹೌದು, ಒದ್ದೆ ಮುರಕಲ್ಲು ಯಾವಾಗ ಪುಡಿಯಾಗುತ್ತದೆ ಎಂದು ಹೇಳಲಿಕ್ಕಾಗದು. ಹಲಸಿನ ಮರದ ದಿಮ್ಮಿ ಹಾಕಿ, ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಕ್ಕೆ ಅಡೆ ಇಟ್ಟೆವು. ಆಕ್ಸಲಿಗೆ ಬೇರೆ ಜಾಕ್.

ಹಳೆಯ ಯು ಬೋಲ್ಟ್‌ಗಳನ್ನು ಗ್ಯಾಸಿನಲ್ಲಿ ಕತ್ತರಿಸಿ ಎಸೆದೆವು. ಒಮ್ಮೆ ಬಿಗಿದು ಎಳೆದ ಯು ಬೋಲ್ಟನ್ನು ಮತ್ತೆ ಹಾಕಬಾರದು. ಲೀಫಿನ ಹಿಂದಿನ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ ಶಾಕಲ್. ಅದರ ಪಿನ್ನು ಮಾತ್ರ ಅರ್ಧ ದಿನ ಸತಾಯಿಸಿತು. ಗ್ರೀಸ್ ನಿಪ್ಪಲಿನ ಬಾಯಿ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಗ್ರೀಸ್ ಹೊಡೆಯುತ್ತಿದ್ದೇನೆ ಎಂದು ನಾನು ಅಂದುಕೊಂಡದ್ದೆಲ್ಲ ಹೊರಗೇ ಮೆತ್ತಿಕೊಂಡಿತ್ತು. ಪಿನ್ನು ಒಂದು ಬದಿ ಮಾತ್ರ ಸವೆದು ಮೊಟ್ಟೆಯ ಆಕಾರ. ಪಿನ್ನಿನ ಸುತ್ತ ಕೂರುವ ಬುಷ್ ಕಾಗದದಷ್ಟು ತೆಳು.

ಸೆಂಟರ್ ಬೋಲ್ಟ್ ತೆಗೆಯುವ ಮೊದಲು ಲೀಫ್ ಅಟ್ಟಿಯನ್ನು ಎರಡು ಸಿ ಕ್ಲಾಂಪಿನಲ್ಲಿ ಹಿಡಿಯಲೇಬೇಕು. ಒಂದೊಂದು ಲೀಫಿನ ಬಾಗು ಬೇರೆ ಬೇರೆ ಇರುವುದರಿಂದ ಬೋಲ್ಟ್ ತೆಗೆದ ಕೂಡಲೇ ಸಿಡಿಯುತ್ತದೆ. ನಮ್ಮದು ಒಳಗೇ ತುಂಡಾಗಿದ್ದರೂ ತುಕ್ಕಿಗೆ ಅಂಟಿಕೊಂಡು ಕೂತಿತ್ತು. ಇಚ್ಚ ಅದನ್ನು ನಂಬಲಿಲ್ಲ, ಕ್ಲಾಂಪ್ ಹಾಕಿಯೇ ಬಿಡಿಸಿದರು.

ಮೇನ್ ಲೀಫಿನಲ್ಲಿ ಸೆಂಟರ್ ಬೋಲ್ಟಿನ ತೂತಿನಿಂದ ಅಂಚಿಗೆ ಕೂದಲಿನಂಥ ಬಿರುಕು. ಎರಡನೆಯ ಲೀಫ್ ಮೇಲ್ನೋಟಕ್ಕೆ ಚೆನ್ನಾಗಿತ್ತು. ಆದರೆ ಕೆಳಗಿನ ಲೀಫಿನ ತುದಿ ಉಜ್ಜುವ ಜಾಗದಲ್ಲಿ 10 ಮಿಲಿಮೀಟರ್ ಇದ್ದದ್ದು 8ಕ್ಕೆ ಇಳಿದಿತ್ತು. ಎರಡು ಮಿಲಿಮೀಟರ್ ಎಂಥ ದೊಡ್ಡದು ಅನಿಸಬಹುದು. ಲೀಫಿನ ಗಡಸು, ಅಂದರೆ ಬಾಗದೆ ನಿಲ್ಲುವ ಶಕ್ತಿ, ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರಿ ಇಳಿಯುತ್ತದೆ. ದಪ್ಪ 10ರಿಂದ 8 ಆದರೆ ಆ ಜಾಗದ ಗಡಸು ಹತ್ತಿರ ಹತ್ತಿರ ಅರ್ಧ. ಇದನ್ನು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ. "ಅದು ನೋಡಿದರೇ ಗೊತ್ತಾಗ್ತದೆ" ಎಂದರು ಇಚ್ಚ.

ಹಳೆಯ ಲೀಫನ್ನು ಕಾಯಿಸಿ ಬಾಗಿಸಿ ಕೊಡುವವರು ಇದ್ದಾರೆ, ಖರ್ಚೂ ಕಡಿಮೆ. ನಾನು ಬೇಡ ಎಂದೆ. ಸ್ಪ್ರಿಂಗಿನ ಉಕ್ಕಿಗೆ ಅದರ ಬಿಗಿ ಬರುವುದು ಎಣ್ಣೆಯಲ್ಲಿ ತಣಿಸಿ, ಮತ್ತೆ ಹದ ಕಾಯಿಸಿದಾಗ. ಬರೀ ಗ್ಯಾಸಿನಲ್ಲಿ ಕೆಂಪು ಮಾಡಿ ಬಾಗಿಸಿದರೆ ಆ ಹದ ಹೋಗುತ್ತದೆ. ಬಾಗು ಕಾಣುತ್ತದೆ, ನಾಲ್ಕು ಕಾರು ಎತ್ತುವಾಗ ಮತ್ತೆ ಮಲಗುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸುವ ಮಾತಂತೂ ಬೇಡವೇ ಬೇಡ. ಎರಡೂ ಬದಿಗೆ ಹೊಸ ಮೇನ್ ಲೀಫ್, ಹೊಸ ಎರಡನೆಯ ಲೀಫ್, ಪಿನ್ನು, ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ತಂದೆ. ನಾನು ಸೇರಿಸಿದ್ದ ಜಾಸ್ತಿ ಲೀಫ್ ಎರಡನ್ನೂ ತೆಗೆದು ಹಾಕಿದೆ. ಒಂದು ಈಗ ನಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೊಟ್ಟಿದೆ. ಎಡಗಡೆಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು, ಜೋಡಿಯನ್ನೇ ಬದಲಿಸಿದೆ.

ಜೋಡಿಸುವಾಗ ಅವಸರ ಮಾಡಲಿಲ್ಲ. ಲೀಫ್‌ಗಳನ್ನು ತಂತಿ ಬ್ರಶ್ಶಿನಲ್ಲಿ ತಿಕ್ಕಿ, ನಡುವೆ ಗ್ರಾಫೈಟ್ ಗ್ರೀಸ್ ತೆಳುವಾಗಿ ಹಚ್ಚಿದೆವು. ಲೀಫಿನ ಮುಂದಿನ ತುದಿಯ ಸುರುಳಿಗೆ ಮೊದಲು ಪಿನ್ನು, ಆಮೇಲೆ ಹಿಂದಿನ ಶಾಕಲ್. ಲೀಫ್ ಚಪ್ಪಟೆಯಾದಾಗ ತುದಿಯಿಂದ ತುದಿಗೆ ಅದರ ಉದ್ದ ಹೆಚ್ಚುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶಾಕಲಿನ ಕೆಲಸ. ಅದು ಆಡದೆ ಕೂತರೆ ಎಂಥ ಹೊಸ ಲೀಫ್ ಆದರೂ ಮುರಿಯುತ್ತದೆ. ಆಕ್ಸಲ್ ಏರಿಸುವಾಗ ಸೆಂಟರ್ ಬೋಲ್ಟಿನ ತಲೆ ಕೆಳಗಿನ ತೂತಿಗೆ ಪೂರ್ತಿ ಇಳಿಯಿತೇ ಎಂದು ಟಾರ್ಚ್ ಹಾಕಿ ನೋಡಿದೆವು. ಹಳೆಯ ತುಕ್ಕಿನ ಒಂದು ಚಕ್ಕೆ ತೂತಿನಲ್ಲಿ ಇತ್ತು. ಅದನ್ನು ಬಿಟ್ಟಿದ್ದರೆ ಮತ್ತೆ ಅದೇ ಕಥೆ. ಯು ಬೋಲ್ಟಿನ ನಾಲ್ಕು ನಟ್ಟನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಕೊನೆಯ ಬಿಗಿ ಗಾಡಿಯನ್ನು ಚಕ್ರದ ಮೇಲೆ ಇಳಿಸಿದ ಮೇಲೆ. ಟೇಪು ಹಿಡಿದಾಗ ಎರಡೂ ಬದಿ ಒಂದೇ ಅಳತೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಮೊದಲನೆಯ ಸಲ ಗಾಡಿ ತಗ್ಗಿದ್ದು ಯಾಕೆ? ನನ್ನ ತೋಳಿನ ಕೊಕ್ಕೆ ಹಿಂದಿನ ಆಕ್ಸಲಿನಿಂದ ಒಂದೂವರೆ ಮೀಟರ್ ಹಿಂದೆ ಇದೆ. ಎರಡು ಆಕ್ಸಲುಗಳ ನಡುವೆ ಸುಮಾರು ಮೂರು ಮೀಟರ್. ಕಾರಿನ ಮೂತಿ ಎತ್ತಿದಾಗ ಕೊಕ್ಕೆಯ ಮೇಲೆ 600 ಕಿಲೋ ಬಿದ್ದರೆ ಹಿಂದಿನ ಆಕ್ಸಲಿಗೆ ಬೀಳುವುದು 600 ಅಲ್ಲ, 900. ಆ ಹೆಚ್ಚಿನ 300 ಮುಂದಿನ ಚಕ್ರದಿಂದ ಕಳಚಿ ಬಂದದ್ದು. ಮಕ್ಕಳ ಏತಪಾತದ ಲೆಕ್ಕ. ಏರಿನಲ್ಲಿ ಸ್ಟೇರಿಂಗ್ ಬೆಣ್ಣೆಯ ಹಾಗೆ ಹಗುರಾಗುತ್ತಿದ್ದದ್ದು ಅದಕ್ಕೇ. ನಾನು ಅದನ್ನು ಗಾಡಿಯ ಒಳ್ಳೆ ಗುಣ ಎಂದುಕೊಂಡಿದ್ದೆ! ಎಷ್ಟು ಲೀಫ್ ಸೇರಿಸಿದರೂ ಮುಂದಿನ ಚಕ್ರಕ್ಕೆ ಆ 300 ಕಿಲೋ ವಾಪಸು ಬರುವುದಿಲ್ಲ.

ಹಾಗಾಗಿ ಹಿಂದೆ ಇದ್ದ ಚೈನ್, ಜಾಕ್, ಸ್ಟೆಪ್ನಿ ಎಲ್ಲವನ್ನೂ ಕ್ಯಾಬಿನಿನ ಬೆನ್ನಿಗೆ ಸರಿಸಿದೆ. ಎತ್ತುವಾಗ ತೋಳನ್ನು ಆದಷ್ಟು ಒಳಗೆ ಎಳೆದುಕೊಳ್ಳುತ್ತೇನೆ. ದೊಡ್ಡ ಗಾಡಿಯ ಕರೆ ಬಂದರೆ ಗಾಡಿಯನ್ನೇ ಮೇಲೆ ಹೇರಿಕೊಳ್ಳುವ ಫ್ಲಾಟ್‌ಬೆಡ್ ಇರುವ ಕಾಸರಗೋಡಿನವರಿಗೆ ದಾಟಿಸುತ್ತೇನೆ. ಸಂಪಾದನೆ ಸ್ವಲ್ಪ ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹೊಸ ಲೀಫ್‌ಗಳು ಒಂದರ ಮೇಲೊಂದು ಕೂತು ಹದವಾಗುವಾಗ ನಟ್ಟು ಮತ್ತೆ ಸಡಿಲಾಗುತ್ತದೆ. ಮೊದಲ ಕಾರು ಎತ್ತಿದ ಮರುದಿನ ನೋಡಿದರೆ ಒಂದೊಂದೂ ಕಾಲು ಸುತ್ತು ಬಿಗಿಯಾಯಿತು. ಆಮೇಲೆ ನಟ್ಟಿನ ಮೇಲೂ ಬೋಲ್ಟಿನ ತುದಿಯ ಮೇಲೂ ಸೇರುವ ಹಾಗೆ ಬಿಳಿ ಪೈಂಟಿನ ಗೆರೆ ಎಳೆದಿದ್ದೇನೆ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ ಎಂದು ಲೆಕ್ಕ. ಪ್ರತಿ ಸೋಮವಾರ ಬೆಳಗ್ಗೆ, ಚಾ ಕುಡಿಯುವ ಮೊದಲು, ಟಾರ್ಚ್ ಹಿಡಿದು ಅಡಿಗೆ ಬಗ್ಗುತ್ತೇನೆ. ಈ ಸೋಮವಾರ ಎಡಬದಿಯ ಒಂದು ಗೆರೆ ಕೂದಲಿನಷ್ಟು ಸರಿದಿತ್ತು. ಚಾ ಅಲ್ಲೇ ಮುಚ್ಚಿಟ್ಟು ಸ್ಪಾನರ್ ತಂದೆ.